ಕಾರಿಗೂ ಒಂದು ಪತ್ತನಾಜೆ

ಯುರೋಪಿನಲ್ಲಿ ಪುಟ್ಟ ಕನ್ವರ್ಟಿಬಲ್ ಕಾರು ಇಟ್ಟುಕೊಂಡವರಿಗೆ ಅಕ್ಟೋಬರ್ ಮುಗಿಯುತ್ತಿದ್ದಂತೆ ಒಂದೇ ಚಿಂತೆ. ಮಂಜುಗಡ್ಡೆ ಕರಗಿಸಲು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಭಾಗದ ಉಕ್ಕನ್ನು ತಿಂದುಹಾಕುತ್ತದೆ. ಹಾಗಾಗಿ 1989ರಲ್ಲಿ ಬಂದು ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಮಜ್ದಾ ಎಂಎಕ್ಸ್-5ನಂಥ ಕಾರುಗಳನ್ನು ಅನೇಕರು ಗ್ಯಾರೇಜಿನಲ್ಲಿ ಮಲಗಿಸಿ, ವಸಂತ ಬಂದ ಮೇಲೆ ಎಬ್ಬಿಸುತ್ತಾರೆ.

ನಮ್ಮ ಮುಲುಂಡಿನಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಚಳಿಗಾಲವೇ ಇಂಥ ಕಾರಿಗೆ ಹಬ್ಬ. ಜನವರಿಯ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮೇಲ್ಛಾವಣಿ ಮಡಚಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಹಿಡಿದರೆ ಸಿಗುವ ತಂಗಾಳಿ ವರ್ಷದ ಬೇರೆ ಯಾವ ತಿಂಗಳಲ್ಲೂ ಸಿಗದು. ಕಾರನ್ನು ಮಲಗಿಸಬೇಕಾದದ್ದು ಮಳೆಗಾಲದಲ್ಲಿ. ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ ಸುಮಾರು 2,300 ಮಿಲಿಮೀಟರ್ ಮಳೆ ಬೀಳುತ್ತದೆ. ಬಟ್ಟೆಯ ಸೂರಿನ ಕಾರಿಗೆ ಅದೇ ಹಿಮ, ಅದೇ ಉಪ್ಪು.

ಕರಾವಳಿಯಿಂದ ಬಂದ ನಮಗೆ ಈ ಮಲಗಿಸುವ ಪದ್ಧತಿ ಹೊಸದೇನಲ್ಲ. ತುಳುನಾಡಿನಲ್ಲಿ ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡ ಸೇರಿ, ಹೊದಿಕೆ ಹೊದ್ದು, ರಿಪೇರಿಗೆ ಕಾಯುತ್ತವೆ. ಕಾರಿಗೂ ಪತ್ತನಾಜೆಯನ್ನೇ ಗಡುವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಅದನ್ನೇ ನಂಬಿ ಕುಳಿತವರಿಗೆ 2025ರಲ್ಲಿ ಮೇ 26ಕ್ಕೇ ಮಳೆ ಬಂದು ಪಾಠ ಕಲಿಸಿತು. ಪತ್ತನಾಜೆಗೆ ಕೆಲಸ ಮುಗಿಸಿದವರು ಆ ವರ್ಷವೂ ಗೆದ್ದರು.

ಯಾವ ಕಾರು, ಏಕಿಷ್ಟು ಚಿಂತೆ?

ನಮ್ಮ ದೇಶದಲ್ಲೇ ತಯಾರಾದ ಪುಟ್ಟ ಕನ್ವರ್ಟಿಬಲ್ ಎಂದರೆ ಮೊದಲು ನೆನಪಾಗುವುದು ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಬಳಗದ ಸ್ಯಾನ್ ಮೋಟಾರ್ಸ್ ಇದನ್ನು ಗೋವಾದಲ್ಲಿ ಕಟ್ಟಿತು. ಎರಡೇ ಸೀಟು, ಫೈಬರ್‌ಗ್ಲಾಸ್ ಮೈ, ರೆನೊ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ರೈಲು ಎಂಜಿನ್‌ಗಳನ್ನು ಮಾಡುತ್ತಿದ್ದ ಬಳಗದಿಂದ ಇಂಥದ್ದೊಂದು ಕಾರು ಬಂದದ್ದೇ ಸೋಜಿಗ. ಈಗ ಅದರ ತಯಾರಿಕೆ ನಿಂತಿದೆ. ರಸ್ತೆಯಲ್ಲಿ ಕಂಡರೆ ಜನ ವಿದೇಶಿ ಕಾರೆಂದೇ ತಿಳಿಯುತ್ತಾರೆ.

ಕಾಳಜಿ ಹುಟ್ಟುವುದು ಇಲ್ಲಿಯೇ. ಸಾಮಾನ್ಯ ಕಾರಿನ ಬಾಗಿಲ ರಬ್ಬರ್ ಹೋದರೆ ಮರುದಿನ ಹೊಸದು ತರಬಹುದು. ಸ್ಟಾರ್ಮ್‌ನ ಮೇಲ್ಛಾವಣಿ, ಅದರ ಚೌಕಟ್ಟು, ಕಿಟಕಿಯಂಚಿನ ರಬ್ಬರ್ ಹೋದರೆ ಶೋರೂಮಿನಲ್ಲಿ ಸಿಗುವುದಿಲ್ಲ. ಎಂಜಿನ್‌ನ ಬಂಧುಗಳು ಹೊರದೇಶದ ರೆನೊ ಟ್ವಿಂಗೊ, ಕ್ಲಿಯೊಗಳಲ್ಲಿ ಇರುವುದರಿಂದ ಅದರ ಭಾಗಗಳನ್ನು ಹುಡುಕಿ ತರಿಸಬಹುದು. ಫೈಬರ್‌ಗ್ಲಾಸ್ ಬಿರುಕನ್ನು ದೋಣಿ ರಿಪೇರಿ ಮಾಡುವವರೇ ಸರಿಪಡಿಸಬಲ್ಲರು. ಉಳಿದದ್ದೆಲ್ಲ ಇದ್ದದ್ದನ್ನು ಉಳಿಸಿಕೊಂಡಷ್ಟೇ. ಒಂದು ಮಳೆಗಾಲದ ಅಸಡ್ಡೆಗೆ ವರ್ಷಗಟ್ಟಲೆ ಹುಡುಕಾಟದ ದಂಡ ತೆರಬೇಕಾಗುತ್ತದೆ.

ಸೂರಿನ ಆರೈಕೆ

ಬಟ್ಟೆಯ ಮೇಲ್ಛಾವಣಿಯ ದೊಡ್ಡ ಶತ್ರು ನೀರಲ್ಲ, ಬೂಷ್ಟು. ಮೇ ತಿಂಗಳ ಬಿಸಿಲಿರುವಾಗಲೇ ಮೆತ್ತನೆಯ ಬ್ರಷ್, ತಣ್ಣೀರು, ತೀರಾ ಸೌಮ್ಯ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಬಟ್ಟೆಗೆಂದೇ ಸಿಗುವ ನೀರುನಿರೋಧಕವನ್ನು ಹಚ್ಚಬೇಕು. ಬ್ಲೀಚ್ ಬೇಡ. ವಾಷಿಂಗ್ ಸೆಂಟರಿನ ಜೋರು ಪೈಪಂತೂ ಬೇಡವೇ ಬೇಡ, ಅದು ಹೊಲಿಗೆಯನ್ನೇ ಬಿಚ್ಚಿಸುತ್ತದೆ. ಒದ್ದೆ ಸೂರನ್ನು ಎಂದೂ ಮಡಚಬಾರದು. ಮಡಿಕೆಯೊಳಗೆ ಉಳಿದ ತೇವ ಎರಡೇ ದಿನದಲ್ಲಿ ಕಪ್ಪು ಚುಕ್ಕೆಗಳಾಗಿ ಏಳುತ್ತದೆ. ನಾಲ್ಕು ತಿಂಗಳೂ ಸೂರು ಬಿಗಿಯಾಗಿ ಮುಚ್ಚಿಯೇ ಇರಲಿ. ಮಡಚಿಟ್ಟರೆ ಬಟ್ಟೆ ಕುಗ್ಗಿ, ದೀಪಾವಳಿಗೆ ಎಳೆದರೂ ಕೊಂಡಿಗೆ ಎಟುಕದು.

ರಬ್ಬರ್ ಅಂಚುಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಪೆಟ್ರೋಲಿಯಂ ಜೆಲ್ಲಿ ಕೆಲವು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಸೂರಿನ ಬುಡದಲ್ಲಿ, ಬಾಗಿಲ ಕೆಳಗೆ ನೀರು ಹರಿದುಹೋಗುವ ಸಣ್ಣ ರಂಧ್ರಗಳಿರುತ್ತವೆ. ಮುಲುಂಡಿನ ರಸ್ತೆಗಳ ಮಳೆಮರ, ಗುಲ್‌ಮೊಹರ್‌ಗಳ ಪುಟ್ಟ ಎಲೆಗಳು ಇವುಗಳಲ್ಲಿ ಸೇರಿ ಬೂಚು ಹಾಕಿದಂತಾಗುತ್ತದೆ. ದಪ್ಪ ನೈಲಾನ್ ದಾರ ತೂರಿಸಿ ಸ್ವಚ್ಛಗೊಳಿಸಿ, ಒಂದು ಲೋಟ ನೀರು ಹೊಯ್ದು ಅದು ಕೆಳಗೆ ಬೀಳುವುದನ್ನು ಕಣ್ಣಾರೆ ನೋಡಿ. ಸೀಟಿನಡಿ ನೀರು ನಿಲ್ಲುವ ಎಷ್ಟೋ ಪ್ರಕರಣಗಳಲ್ಲಿ ಸೂರು ಸೋರಿರುವುದಿಲ್ಲ, ಈ ರಂಧ್ರ ಕಟ್ಟಿಕೊಂಡಿರುತ್ತದೆ.

ನೀಲಿ ತಾಡಪಾಲು ಬೇಡ

ಮಳೆಗಾಲದ ಮುಂಬಯಿಗೆ ನೀಲಿ ತಾಡಪಾಲೇ ಸಮವಸ್ತ್ರ. ಆದರೆ ಕಾರಿಗೆ ಅದನ್ನು ಹೊದಿಸಿದರೆ ನೆಲದಿಂದ ಏಳುವ ಆವಿ ಒಳಗೇ ಸಿಕ್ಕಿಕೊಂಡು, ಕಾರು ಹಬೆಯಲ್ಲಿ ಬೆಂದ ಇಡ್ಲಿಯಂತಾಗುತ್ತದೆ. ಗಾಳಿಯಾಡುವ ಬಟ್ಟೆಯ ಕವರೇ ಸರಿ. ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ ಜಾಗ ಇದ್ದರೆ ಅರ್ಧ ಕೆಲಸ ಆದಂತೆ. ಅಲ್ಲಿಯೂ ಮೇಲೆ ಹಾದುಹೋಗುವ ಡ್ರೈನೇಜ್ ಪೈಪಿನ ಕೆಳಗಿನ ಜಾಗ ಬೇಡವೆಂದು ಕಮಿಟಿಗೆ ಏಪ್ರಿಲ್‌ನಲ್ಲೇ ಹೇಳಿಕೊಳ್ಳಿ. ಬಯಲಲ್ಲಿ ನಿಲ್ಲಿಸುವವರು ಹಳೆಯ ಮರದಡಿ ತಪ್ಪಿಸಬೇಕು. ಒಂದು ಕೊಂಬೆ ಬಿದ್ದರೆ ಬಟ್ಟೆಯ ಸೂರು ತಡೆಯುವುದಿಲ್ಲ.

ಕಾರಿನೊಳಗೆ ನಮ್ಮೂರ ಅಟ್ಟದ ಉಪಾಯ ನಡೆಯುತ್ತದೆ. ಬಟ್ಟೆಯ ಚೀಲದಲ್ಲಿ ಒಣ ಇದ್ದಿಲು, ಇಲ್ಲವೇ ಸಿಲಿಕಾ ಜೆಲ್ ಇಟ್ಟು, ಎರಡು ವಾರಕ್ಕೊಮ್ಮೆ ಒಣಗಿಸಿ ಮತ್ತೆ ಇಡಬೇಕು. ಕಾಲುಹಾಸುಗಳು ಮನೆಯೊಳಗಿರಲಿ. ಬಿಸ್ಕತ್ತಿನ ಚೂರೂ ಉಳಿಯದಂತೆ ಗುಡಿಸಿ. ಬಿಲದಲ್ಲಿ ನೀರು ತುಂಬಿದ ಇಲಿಗಳಿಗೆ ಎಂಜಿನ್ ಕೋಣೆಗಿಂತ ಬೆಚ್ಚನೆಯ ಜಾಗವಿಲ್ಲ, ಮತ್ತು ಅವು ಮೊದಲು ಕಡಿಯುವುದು ವೈರು.

ಬ್ಯಾಟರಿ, ಪೆಟ್ರೋಲ್, ಬ್ರೇಕು

ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ಖಾಲಿಯಾಗಿಯೇ ಉಳಿದ ಬ್ಯಾಟರಿಯ ತಗಡುಗಳಿಗೆ ಸಲ್ಫೇಟ್ ಗಟ್ಟಿಯಾಗಿ ಅಂಟಿ, ಅದು ಮತ್ತೆ ಏಳುವುದಿಲ್ಲ. ವಿದೇಶದವರು ಗ್ಯಾರೇಜಿನ ಗೋಡೆಗೆ ಟ್ರಿಕಲ್ ಚಾರ್ಜರ್ ಸಿಕ್ಕಿಸುತ್ತಾರೆ. ನಮ್ಮ ಪಾರ್ಕಿಂಗ್‌ನಲ್ಲಿ ಪ್ಲಗ್ ಎಲ್ಲಿ? ಮೊದಲು ಮೈನಸ್ ತಂತಿ ಬಿಚ್ಚಿ, ಬ್ಯಾಟರಿಯನ್ನು ಮನೆಗೆ ತಂದು, ಗಾಳಿಯಾಡುವ ಬಾಲ್ಕನಿಯಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡುವುದೇ ಸುಲಭ.

ಪೆಟ್ರೋಲಿನ ವಿಷಯ ಈಚೆಗೆ ಸೂಕ್ಷ್ಮವಾಗಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಇ-20. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಹಳೆಯ ಕಾರಿನ ರಬ್ಬರ್ ಪೈಪುಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ. ಟ್ಯಾಂಕ್ ಭರ್ತಿ ಇದ್ದರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಇಂಧನ ಪೈಪುಗಳನ್ನು ಮಲಗಿಸುವ ಮುನ್ನವೇ ಬಗ್ಗಿಸಿ ನೋಡಿ, ಸೀಳು ಕಂಡರೆ ಬದಲಿಸಿ. ಹಳೆಯ ಎಂಜಿನ್ ಆಯಿಲ್‌ನಲ್ಲಿ ಆಮ್ಲ ಸೇರಿರುವುದರಿಂದ ಅದನ್ನೂ ಈಗಲೇ ಬದಲಿಸಿ, ಮಳೆ ಮುಗಿದ ಮೇಲಲ್ಲ.

ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತೇವಕ್ಕೆ ಪ್ಯಾಡುಗಳು ಅಂಟಿಕೊಳ್ಳುತ್ತವೆ. ಮೊದಲ ಗೇರಿನಲ್ಲಿಟ್ಟು, ಚಕ್ರಕ್ಕೆ ಮರದ ತುಂಡು ಕೊಡಿ. ಬ್ರೇಕ್ ದ್ರವವೂ ನೀರು ಹೀರುವಂಥದ್ದು, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಟಯರಿಗೆ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ತುಂಬಿದರೆ ಒಂದೇ ಕಡೆ ಚಪ್ಪಟೆಯಾಗುವುದು ತಪ್ಪುತ್ತದೆ. ಫೈಬರ್ ಮೈಗೆ ತುಕ್ಕು ಹಿಡಿಯದು ನಿಜ. ಆದರೆ ಅದನ್ನು ಹೊತ್ತಿರುವುದು ಉಕ್ಕು. ಹೊರಗೆ ಕಾರು ಹೊಳೆಯುತ್ತಿರುವಾಗಲೇ ಕೆಳಗೆ ತುಕ್ಕು ಹಬ್ಬಬಹುದು. ಪೂರ್ವಕ್ಕೆ ಠಾಣೆ ಖಾಡಿ, ಉಪ್ಪಿನಗದ್ದೆಗಳು ಇರುವ ನಮ್ಮ ಊರಿನಲ್ಲಿ ಅಡಿಭಾಗಕ್ಕೆ ತುಕ್ಕುನಿರೋಧಕ ಹೊಡೆಸುವುದು ದುಂದಲ್ಲ.

ದಿನಾ ಬೆಳಿಗ್ಗೆ ಐದು ನಿಮಿಷ ಎಂಜಿನ್ ಓಡಿಸುವ ಅಭ್ಯಾಸ ಕೆಲವರಿಗಿದೆ. ಇದರಿಂದ ಕೇಡೇ ಹೆಚ್ಚು. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಉರಿದ ಪೆಟ್ರೋಲಿನ ನೀರಾವಿ ಸೈಲೆನ್ಸರ್‌ನಲ್ಲೂ ಆಯಿಲ್‌ನಲ್ಲೂ ಉಳಿಯುತ್ತದೆ. ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟು ರಸ್ತೆ ಒಣಗಿದ ದಿನ ಬ್ಯಾಟರಿ ಜೋಡಿಸಿ ಅರ್ಧ ಗಂಟೆ ಓಡಿಸಿ. ಇಲ್ಲವೇ ಮುಟ್ಟಲೇಬೇಡಿ.

ನೀರು ನುಗ್ಗಿದರೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ಮುಂಬಯಿಗರಾರೂ ಮರೆತಿಲ್ಲ. ನೆಲಕ್ಕೆ ಹತ್ತಿರ ಕೂರುವ ಸ್ಪೋರ್ಟ್ಸ್ ಕಾರಿಗೆ ಮೊಣಕಾಲುದ್ದ ನೀರೂ ಪ್ರವಾಹವೇ. ಮಹಾನಗರಪಾಲಿಕೆ ಪ್ರತಿ ವರ್ಷ 4.5 ಮೀಟರಿಗಿಂತ ಎತ್ತರದ ಭರತದ ದಿನಗಳ ಪಟ್ಟಿ ಕೊಡುತ್ತದೆ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನೀರು ಎಂಜಿನ್‌ವರೆಗೆ ಬಂದಿದ್ದರೆ ಕೀಲಿ ತಿರುಗಿಸಲೇಬಾರದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಹಾನಿಯನ್ನು ಸಾಮಾನ್ಯ ವಿಮೆ ಬಹುತೇಕ ಒಪ್ಪುವುದಿಲ್ಲ, ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಬೇಕು. ಕಾರನ್ನು ಎಳೆಸಿ ಮೆಕ್ಯಾನಿಕ್ ಬಳಿಗೆ ಒಯ್ಯುವುದೇ ದಾರಿ.

ಕಾಗದಪತ್ರದ ಮಾತು

ಬ್ರಿಟನ್ನಿನಲ್ಲಿ ಕಾರನ್ನು ರಸ್ತೆಗಿಳಿಸುವುದಿಲ್ಲವೆಂದು ಸರಕಾರಕ್ಕೆ ತಿಳಿಸಿ ಆ ತಿಂಗಳುಗಳ ತೆರಿಗೆ ಉಳಿಸಬಹುದು. ನಮ್ಮಲ್ಲಿ ಕಾರಿನ ತೆರಿಗೆಯನ್ನು ಮೊದಲೇ ಒಟ್ಟಿಗೆ ಕಟ್ಟಿರುತ್ತೇವೆ, ಉಳಿಸಲು ಏನೂ ಇಲ್ಲ. ಕಾರು ಮಲಗಿದೆಯೆಂದು ವಿಮೆ ಬಿಟ್ಟುಬಿಡಬೇಡಿ, ಪ್ರವಾಹ, ಮರ, ಬೆಂಕಿಯ ಭಯ ಇರುವುದೇ ಆಗ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಕಾರುಗಳಿಗೆ ಈ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ. ತಪಾಸಣೆಯ ದಿನ ಅಡಿಯ ಉಕ್ಕು, ಬ್ರೇಕು, ಹೊಗೆ ಸರಿಯಿರಬೇಕು. ಮಳೆಗಾಲದ ಆರೈಕೆಯ ಫಲ ಅಲ್ಲಿ ಕಾಣುತ್ತದೆ. ಕಾರು ಉಳಿಯುವುದೋ ಗುಜರಿಗೆ ಹೋಗುವುದೋ ಎಂಬುದು ತೀರ್ಮಾನವಾಗುವುದು ಹೆಚ್ಚಾಗಿ ಈ ನಾಲ್ಕು ತಿಂಗಳಲ್ಲೇ.

ಮತ್ತೆ ಗೆಜ್ಜೆ ಕಟ್ಟುವಾಗ

ಮುಂಬಯಿಯಿಂದ ಮುಂಗಾರು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಆಮೇಲೂ ಒಂದು ವಾರ ಬಿಸಿಲು ಕಾಣಿಸಿ, ಬಾನೆಟ್ ಎತ್ತಿ ಇಲಿಯ ಗುರುತು ನೋಡಿ, ಟಯರಿನ ಗಾಳಿ ಸರಿಮಾಡಿ, ಬ್ಯಾಟರಿ ಜೋಡಿಸಿ. ಮೊದಲ ಕಿಲೋಮೀಟರಿನಲ್ಲಿ ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕು ಕರಕರ ಎನ್ನುತ್ತದೆ, ನಾಲ್ಕೈದು ಸಲ ಮೆತ್ತಗೆ ಒತ್ತಿದರೆ ಹೋಗುತ್ತದೆ. ಸೂರನ್ನು ಮೊದಲ ಸಲ ಮಡಚುವುದು ಮಧ್ಯಾಹ್ನದ ಬಿಸಿಗೆ ಬಟ್ಟೆ ಮೆತ್ತಗಾದಾಗ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದಾಗಿದ್ದರೆ ಮಡಿಕೆಯ ನಡುವೆ ಒಂದು ಹಳೆಯ ಪಂಚೆ ಇಡಿ. ದೀಪಾವಳಿಯ ಹೊತ್ತಿಗೆ ಊರಿನಲ್ಲಿ ಮೇಳಗಳು ತಿರುಗಾಟಕ್ಕೆ ಸಿದ್ಧವಾಗುತ್ತಿರುತ್ತವೆ, ಇಲ್ಲಿ ನಿಮ್ಮ ಕಾರೂ ಸಿದ್ಧ.