ದೂರ ಹೆಚ್ಚು, ಹೊತ್ತು ಕಡಿಮೆ

2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮೇಲೇರಿದ ಏರ್ ಇಂಡಿಯಾ ವಿಮಾನ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಎರಡೂ ನಗರಗಳ ನಡುವಿನ ನೇರ ದೂರ ಸುಮಾರು 14,000 ಕಿಲೋಮೀಟರ್. ಉತ್ತರ ಧ್ರುವದ ಮೇಲಿಂದ ಬಂದ ಆ ವಿಮಾನ ಸುಮಾರು 17 ಗಂಟೆ ಹಾರಿ ಕ್ರಮಿಸಿದ್ದು ಹತ್ತಿರಹತ್ತಿರ 16,000.

ಈ ಸುತ್ತು ಏಕೆ?

ಗೋಡೆಯ ಭೂಪಟ ನೋಡಿದವರಿಗೆ ಅಮೆರಿಕದ ಪಶ್ಚಿಮ ತೀರ ಯುರೋಪು, ಅಟ್ಲಾಂಟಿಕ್ ದಾಟಿ ಹೋಗಬೇಕಾದ ಊರಿನಂತೆ ಕಾಣುತ್ತದೆ. ಗೋಳವೊಂದರ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿದರೆ ಅದು ಟಿಬೆಟ್, ಸೈಬೀರಿಯಾ, ಅಲಾಸ್ಕಗಳ ಮೇಲೆ ಹಾಯುತ್ತದೆ. ಅತಿ ಹತ್ತಿರದ ದಾರಿ ಅದೇ. ಆದರೆ ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಕ್ಯಾಬಿನ್ನಿನ ಗಾಳಿಯೊತ್ತಡ ತಪ್ಪಿದರೆ ಪೈಲಟ್ ಕೂಡಲೇ 3,000 ಮೀಟರಿನ ಆಸುಪಾಸಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಹೀಗಾಗಿ ದೂರದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಧ್ರುವದ ದಾರಿಗೂ ಅದರದೇ ಕಟ್ಟಳೆಗಳಿವೆ. ಅಲ್ಲಿ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಜೆಟ್ ಇಂಧನ ಹೆಪ್ಪುಗಟ್ಟುವಷ್ಟು ತಣ್ಣಗಾಗದಂತೆ ಅದರ ಉಷ್ಣತೆಯ ಮೇಲೆ ಸದಾ ಕಣ್ಣಿಡಬೇಕು. ತುರ್ತಿನಲ್ಲಿ ಇಳಿಯಲು ನಿಲ್ದಾಣಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇಷ್ಟೆಲ್ಲದರ ಮೇಲೆ ಗಾಳಿಯ ಲೆಕ್ಕ. ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ ಇದೇ. ವಿಮಾನಗಳು ಹಾರುವ 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ಬಿರುಗಾಳಿ ಹರಿಯುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರ್ ಮೀರುವುದುಂಟು. ಗಂಟೆಗೆ 900 ಕಿಲೋಮೀಟರ್ ಸಾಗುವ ವಿಮಾನಕ್ಕೆ ಅಂಥ ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ವೇಗ 1,100, ಎದುರಾದರೆ 700.

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಈ ಲೆಕ್ಕವನ್ನು ಮಾಡಿಯೇ ತೋರಿಸಿತು. ಅದರ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಲ್ಲಿಯವರೆಗೆ ಅಟ್ಲಾಂಟಿಕ್ ಮೇಲೆ, ಎದುರುಗಾಳಿಯಲ್ಲಿ ಹೋಗುತ್ತಿತ್ತು. ದಿಕ್ಕು ಬದಲಿಸಿ ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟಿದಾಗ ದಾರಿ ಸುಮಾರು 1,400 ಕಿಲೋಮೀಟರ್ ಉದ್ದವಾಯಿತು. ಆದರೂ 15,300 ಕಿಲೋಮೀಟರ್‌ಗಳ ಆ ಪಯಣ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಉಳಿದದ್ದು ಸುಮಾರು ಎರಡು ಗಂಟೆ. ಮರಳುವಾಗ ಇದೇ ಗಾಳಿ ಎದುರಾಗುತ್ತದೆ. ಆಗ ಧ್ರುವದ ಕಡೆಯ ದಾರಿ ಲಾಭದ್ದಾಗಬಹುದು.

ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ತಂದೆತಾಯಿಯರನ್ನು ಗೊಂದಲಕ್ಕೆ ಬೀಳಿಸುವುದು ಟಿಕೆಟ್ಟಿನಲ್ಲಿ ಅಚ್ಚಾದ ವೇಳೆ. ಹೊರಡುವ, ತಲುಪುವ ಎರಡೂ ವೇಳೆ ಆಯಾ ಊರಿನವು. ಚಳಿಗಾಲದಲ್ಲಿ ಬೆಂಗಳೂರು ಹದಿಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಹಾಗಾಗಿ ಚಳಿಗಾಲದಲ್ಲಿ 16 ಗಂಟೆ ಹಾರಿ ಅಲ್ಲಿಗೆ ಹೋದವರ ಟಿಕೆಟ್ಟಿನಲ್ಲಿ ಕಾಣುವ ಅಂತರ ಎರಡೂವರೆ ಗಂಟೆ ಮಾತ್ರ. 17 ಗಂಟೆ ಹಾರಿ ಇಲ್ಲಿಗೆ ಬಂದವರ ಟಿಕೆಟ್ಟಿನಲ್ಲಿ ಅದು ಮೂವತ್ತೂವರೆ ಗಂಟೆ.