ಟೆಂಡರ್ ಮುಗಿದ ಮೇಲೆ ಮರದ ಅಹವಾಲು

ಬೆಂಗಳೂರಿನಲ್ಲಿ ದೊಡ್ಡ ಕಾಮಗಾರಿಗೆ ಮರ ಕಡಿಯುವ ಮೊದಲು ಆಕ್ಷೇಪಣೆ ಕೋರಿ ಪ್ರಕಟಣೆ ಹೊರಡುತ್ತದೆ. ಈ ಪದ್ಧತಿ ಕಾನೂನಿನಲ್ಲಿ ಮೊದಲಿನಿಂದ ಇದ್ದುದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, ಸ್ವಂತ ಹಿತ್ತಿಲಿನ ಮರಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕೆಂದಿತು. ಕೆಲವು ಜಾತಿಗಳಿಗಷ್ಟೇ ವಿನಾಯಿತಿ. ಅದು ಅರ್ಜಿದಾರ ಮತ್ತು ಅಧಿಕಾರಿಯ ನಡುವಿನ ವ್ಯವಹಾರ, ಆ ಮರದ ನೆರಳಿನಲ್ಲಿ ಓಡಾಡುವವರನ್ನು ಯಾರೂ ಕೇಳುವಂತಿರಲಿಲ್ಲ. ಮನೆ ಕಟ್ಟುವವರು ಅರ್ಜಿ ಹಾಕುತ್ತಿದ್ದಾಗ ಇದು ಹೇಗೋ ನಡೆಯಿತು. 2000ದ ನಂತರ ರಸ್ತೆ ವಿಸ್ತರಣೆ, ಮೆಟ್ರೊ ಶುರುವಾದವು. ಪಾಲಿಕೆಯ ರಸ್ತೆಗೆ ಪಾಲಿಕೆಯ ಅರಣ್ಯ ವಿಭಾಗವೇ ಅನುಮತಿ ಕೊಡಬೇಕಾಗಿ ಬಂದಾಗ ಈ ಏರ್ಪಾಡಿನ ಹುಳುಕು ಬಯಲಾಯಿತು. ‘ಹಸಿರು ಉಸಿರು’ ಮೊದಲಾದ ಪರಿಸರ ಬಳಗಗಳು ಬೀದಿಗಿಳಿದವು, ಅರ್ಜಿಗಳು ಹೈಕೋರ್ಟ್ ತಲುಪಿದವು. ಕೊನೆಗೆ 2014ರ ತಿದ್ದುಪಡಿ ಕಾಯ್ದೆ, ಕಡಿಯುವ ಮರಗಳು ಐವತ್ತನ್ನು ಮೀರಿದರೆ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕೆಂದು ವಿಧಿಸಿತು.

ಇದು ದೊಡ್ಡ ಗೆಲುವೇ. ಆದರೆ ಕೇಳುವ ಹೊತ್ತು ತಪ್ಪಿದೆ. ಪ್ರಕಟಣೆ ಹೊರಡುವಷ್ಟರಲ್ಲಿ ನಕ್ಷೆ ಸಿದ್ಧವಾಗಿರುತ್ತದೆ, ಹಣ ಮಂಜೂರಾಗಿರುತ್ತದೆ, ಎಷ್ಟೋ ಸಲ ಟೆಂಡರೂ ಆಗಿರುತ್ತದೆ. ರಸ್ತೆ ಈ ಕಡೆಯಿಂದಲೇ ಏಕೆ ಹೋಗಬೇಕು ಎಂದು ಕೇಳಿದರೆ, ಅದು ವೃಕ್ಷ ಅಧಿಕಾರಿಯ ವ್ಯಾಪ್ತಿಯಲ್ಲಿಲ್ಲ. ಉದಾಹರಣೆಗೆ, ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಹಾಕಲು ಹೊರಟಿದ್ದ ಸುಮಾರು 6.7 ಕಿ.ಮೀ. ಉದ್ದದ ಉಕ್ಕಿನ ಸೇತುವೆ 812 ಮರಗಳನ್ನು ಬಲಿ ಕೇಳಿತ್ತು. 2016ರ ಅಕ್ಟೋಬರ್ 16ರಂದು ಜನ ಮಾನವ ಸರಪಳಿ ಕಟ್ಟುವ ಹೊತ್ತಿಗೆ ಸಚಿವ ಸಂಪುಟ ಸೇತುವೆಗೆ ಒಪ್ಪಿಗೆ ಕೊಟ್ಟಾಗಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದಕ್ಕೆ ಬೀದಿಯ ಸಿಟ್ಟು, ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ, ಭ್ರಷ್ಟಾಚಾರದ ಆರೋಪ ಎಲ್ಲವೂ ಕೂಡಬೇಕಾಯಿತು. ಆಕ್ಷೇಪಣಾ ಪತ್ರಗಳಿಂದ ಮಾತ್ರವೇ ಅದು ಆಗುತ್ತಿತ್ತೆಂದು ನಂಬುವುದು ಕಷ್ಟ. ಹೈಕೋರ್ಟ್ ಸೂಚನೆಯಂತೆ 2019ರಲ್ಲಿ ಬಂದ ವೃಕ್ಷ ತಜ್ಞರ ಸಮಿತಿ ಒಂದೊಂದೇ ಮರದ ಬುಡಕ್ಕೆ ಹೋಗಿ, ಉಳಿಸಬಹುದೇ, ಸ್ಥಳಾಂತರಿಸಬಹುದೇ ಎಂದು ನೋಡುತ್ತದೆ. ಒಳ್ಳೆಯ ಕೆಲಸ, ಆದರೆ ಅದೂ ಮುಗಿದ ನಕ್ಷೆಯ ಮೇಲೆಯೇ.

ಜನರನ್ನು ಮೊದಲೇ ಕೇಳಿದರೆ ಕಾಮಗಾರಿ ತಡವಾಗುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ತಕರಾರು. ಆದರೆ ಗುತ್ತಿಗೆ ಕೊಟ್ಟ ಮೇಲೆ ಬರುವ ತಡೆಯಾಜ್ಞೆಗಿಂತ ದುಬಾರಿ ವಿಳಂಬ ಯಾವುದಿದೆ? ಎಲ್ಲದಕ್ಕೂ ಬೇಡ ಅನ್ನುವವರು ಇರುತ್ತಾರೆ, ನಿಜ. ಅವರ ಮಾತನ್ನು ಒಪ್ಪಲೇಬೇಕೆಂದು ಯಾರೂ ಹೇಳುತ್ತಿಲ್ಲ. ಒಪ್ಪದಿದ್ದರೆ ಅಧಿಕಾರಿಗಳು ಕಾರಣವನ್ನು ಬರೆದು ಕೊಡಲಿ, ಸಾಕು. ಇನ್ನು ಐವತ್ತರ ಗಡಿ. ನಲವತ್ತು ಹಳೆಯ ಮಳೆಮರ ಹೋದರೆ ಪ್ರಕಟಣೆ ಬೇಡ, ಅರವತ್ತು ಎಳೆಯ ಗಿಡ ಹೋದರೆ ಬೇಕು ಎಂಬ ಲೆಕ್ಕ ನೆರಳನ್ನು ಅಳೆಯುವುದಿಲ್ಲ. ಕಾಮಗಾರಿಯನ್ನು ತುಂಡು ತುಂಡಾಗಿ ತೋರಿಸಲೂ ಅನುವು ಮಾಡಿಕೊಡುತ್ತದೆ. ಕಾಯ್ದೆಗೆ ಮತ್ತೆ ಕೈ ಹಾಕುವುದಾದರೆ ಮರಗಳ ಪಟ್ಟಿ ವಿಸ್ತೃತ ಯೋಜನಾ ವರದಿಯ ಜೊತೆಯಲ್ಲೇ, ಟೆಂಡರಿಗೆ ಮುಂಚೆ, ಜನರ ಮುಂದೆ ಬರಬೇಕು. ಅಲ್ಲಿಯವರೆಗೆ, ಪ್ರಕಟಣೆ ಕಂಡಾಗ ಆಕ್ಷೇಪಣೆಯನ್ನು ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆದಿಡಿ.