ಕೈ ಹೋಗದ ಸಂದಿಯ ಕೆಸರು

ನಮ್ಮ ಸವಣೂರು ಕಡೆಯ ಎರೆ ಮಣ್ಣು ಹಸಿ ಇದ್ದಾಗ ಮೇಣದ ಹಾಗೆ ಅಂಟುತ್ತದೆ, ಒಣಗಿದರೆ ಕಲ್ಲು. ಟ್ರ್ಯಾಕ್ಟರ್ ತೊಳೆಯುವುದೆಂದರೆ ನಾವು ಬಾನೆಟ್ಟಿಗೆ, ಗಾಲಿಗೆ ನಾಲ್ಕು ಕೊಡ ನೀರು ಸುರುವಿ ಮುಗಿಸುತ್ತೇವೆ. ಕಣ್ಣಿಗೆ ಕಾಣುವುದು ಹೊಳೆಯುತ್ತದೆ. ನಷ್ಟ ಆಗುವುದು ಕಾಣದ ಜಾಗದಲ್ಲಿ.

ನನಗೆ ಇದು ತಿಳಿದದ್ದು 2022ರ ಗೋವಿನಜೋಳದ ಒಕ್ಕಣೆಯಲ್ಲಿ. ಬೆಳಿಗ್ಗೆ ರೇಡಿಯೇಟರಿಗೆ ನೀರು ತುಂಬಿಸಿಯೇ ಹೊರಟಿದ್ದೆ. ಮಧ್ಯಾಹ್ನಕ್ಕೆ ಎಂಜಿನ್ ಕುದಿದು ನಿಂತಿತು. ಮಿಸ್ತ್ರಿ ಬಂದು ಮುಂದಿನ ಜಾಳಿಗೆ ಬಿಚ್ಚಿದರೆ ಹಿಂದೆ ಹೊಟ್ಟು, ದೂಳು ಗೋಡೆಗೆ ಮೆತ್ತಿದ ಹಾಗೆ ಕೂತಿತ್ತು. ಗಾಳಿ ಆಡದೆ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಆ ಸುಗ್ಗಿಯ ಬಾಡಿಗೆ ದುಡಿಮೆ ಎಲ್ಲಾ ರಿಪೇರಿಗೆ ಹೋಯಿತು.

ಅಂದಿನಿಂದ ನಾನು ಹೀಗೆ ಮಾಡುತ್ತೇನೆ. ಎಂಜಿನ್ ಬಂದ್ ಮಾಡಿ, ಕೀಲಿ ಕಿಸೆಗೆ ಹಾಕಿಕೊಂಡು, ಪೂರ್ತಿ ಆರುವವರೆಗೆ ಕಾಯುತ್ತೇನೆ. ಕಾದ ಎಂಜಿನ್ನಿಗೆ ತಣ್ಣೀರು ಹಾಕಿದರೆ ಬಿರುಕು ಬಿಡಬಹುದು. ಮೊದಲು ಒಣ ಕೆಲಸ. ರೇಡಿಯೇಟರಿಗೆ ಫ್ಯಾನಿನ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಯಬೇಕು. ಫ್ಯಾನು ಮುಂದಿನಿಂದ ಗಾಳಿ ಎಳೆಯುತ್ತದಲ್ಲ, ಹೊಟ್ಟು ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಗಾಳಿಯ ಪೈಪನ್ನು ತೀರಾ ಹತ್ತಿರ ಹಿಡಿದರೆ ತೆಳು ಪಟ್ಟಿಗಳು ಮಡಚುತ್ತವೆ.

ಮಡ್‌ಗಾರ್ಡಿನ ಮಡಿಕೆ, ದೀಪದ ಸುತ್ತು, ಮೆಟ್ಟಿಲ ಅಡಿ, ಇಲ್ಲೆಲ್ಲಾ ಗಟ್ಟಿ ಮಣ್ಣಿಗೆ ನೀರು ಚಿಮುಕಿಸಿ ಅರ್ಧ ತಾಸು ನೆನೆಯಲು ಬಿಡಿ. ಆಮೇಲೆ ಬಿದಿರ ಸೀಳಿನಿಂದ ಕೆದರಿ. ಸ್ಕ್ರೂಡ್ರೈವರ್ ಹಾಕಬೇಡಿ. ಬಣ್ಣ ಕಿತ್ತ ಜಾಗದಿಂದಲೇ ತುಕ್ಕು ಶುರು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ ತಿಕ್ಕಿ, ತೊಳೆಯಿರಿ. ಬ್ರಷ್ಷೂ ಹೋಗದ ಸಂದಿಗೆ ಹಳೇ ಧೋತರದ ಪಟ್ಟಿ ತೂರಿಸಿ, ಮಜ್ಜಿಗೆ ಕಡೆಯುವ ಹಗ್ಗದಂತೆ ಆಚೆ ಈಚೆ ಎಳೆದರೆ ಕೆಸರು ಬರುತ್ತದೆ. ಟ್ರೇಲರಿನ ಮೂಲೆಯ ತೂತುಗಳನ್ನೂ ಕಡ್ಡಿ ಹಾಕಿ ಬಿಡಿಸಿ. ನೀರು ನಿಂತರೆ ತಗಡು ಕೊಳೆಯಿತೆಂದೇ ಲೆಕ್ಕ.

ಗೊಬ್ಬರದ ಚೀಲ ಹೇರಿದ ದಿನ ನಾಳೆ ಅನ್ನಬಾರದು. ಉದುರಿದ ಗೊಬ್ಬರ ಉಪ್ಪಿನಂತೆ. ಗಾಳಿಯ ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಆ ಸಂಜೆಯೇ ಗುಡಿಸಿ ತೊಳೆಯಿರಿ. ಬ್ಯಾಟರಿ, ಡೈನಮೋ, ಏರ್ ಕ್ಲೀನರಿಗೆ ಮಾತ್ರ ನೀರು ಹಾಯಿಸಬೇಡಿ.

ಹೊಳಪಿಗೆಂದು ಡೀಸೆಲ್ ಒರೆಸುವ ರೂಢಿ ನಮ್ಮಲ್ಲಿದೆ. ನಾನೂ ಒರೆಸುತ್ತಿದ್ದೆ. ಅದಕ್ಕೆ ದೂಳು ಮತ್ತೂ ಅಂಟುತ್ತದೆ, ರಬ್ಬರ್ ಪೈಪು ಮೆತ್ತಗಾಗುತ್ತವೆ. ತೊಳೆದು, ಬಿಸಿಲಿಗೆ ಒಣಗಿಸಿ, ನಿಪ್ಪಲ್ಲುಗಳಿಗೆ ಹೊಸ ಗ್ರೀಸ್ ಹೊಡೆದರೆ ಸಾಕು.

ಒಕ್ಕಣೆ ಕಾಲದಲ್ಲಿ ಜಾಳಿಗೆಯನ್ನು ದಿನಾ ಬಿಚ್ಚಿ ನೋಡುತ್ತೇನೆ. ಐದು ನಿಮಿಷದ ಕೆಲಸ. ಎತ್ತಿನ ಮೈ ತಿಕ್ಕುವಾಗ ಗೊರಸಿನ ಸಂದಿ ನೋಡುತ್ತಿದ್ದೆವಲ್ಲ, ಇದೂ ಹಾಗೇ. ಇದಕ್ಕಿಂತ ಸುಲಭದ ಉಪಾಯ ಬಲ್ಲವರು ಬರೆದು ತಿಳಿಸಿರಿ.